ಕೊಟ್ಟಿಗೆಗೆ ಸಿಮೆಂಟ್ ಹಾಕಿಸಿದ್ದು ನಾನೇ

ಹೋದ ವರ್ಷ ಬೋನಸ್ ಬಂದಾಗ ಊರಿನ ಕೊಟ್ಟಿಗೆಗೆ ಸಿಮೆಂಟ್ ನೆಲ ಹಾಕಿಸಿದೆ. ಮಳೆಗಾಲದಲ್ಲಿ ಅಮ್ಮ ಆ ಕೆಸರಲ್ಲಿ ಸಗಣಿ ಬಾಚೋದನ್ನ ನೋಡೋಕಾಗ್ತಿರಲಿಲ್ಲ. ಕೆಲಸ ಮುಗಿದ ದಿನ ಫೋಟೋ ತೆಗೆದು ಆಫೀಸಿನ ಗೆಳೆಯರಿಗೂ ಕಳಿಸಿದ್ದೆ. "ನಿಮ್ಮ ಹಸುಗಳಿಗೆ ನನ್ನ ಪೀಜಿಗಿಂತ ಒಳ್ಳೆ ರೂಮು ಗುರೂ" ಅಂದಿದ್ದ ಒಬ್ಬ.

ನಮ್ಮೂರು ಶಿಡ್ಲಘಟ್ಟದ ಹತ್ತಿರ. ಅಲ್ಲಿ ಮನೆ ನಡೆಯೋದು ಎರಡರ ಮೇಲೆ: ರೇಷ್ಮೆ ಮತ್ತು ಹಾಲು. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಸೊಪ್ಪು ಹಸುವಿಗೆ, ಹಸುವಿನ ಗೊಬ್ಬರ ತೋಟಕ್ಕೆ. ಗೂಡಿನ ಬೆಲೆ ಬಿದ್ದ ವರ್ಷಗಳಲ್ಲಿ ನನ್ನ ಬಿಇ ಫೀಸು ಕಟ್ಟಿದ್ದು ಡೈರಿ ದುಡ್ಡು.

ಈ ಯುಗಾದಿಗೆ ಹೋದಾಗ ಅಮ್ಮ, "ಚುಕ್ಕಿ ಹಾಲು ಇಳಿಸಿಬಿಟ್ಟಿದ್ದಾಳೆ ಕಣಪ್ಪ" ಅಂದರು. ಚುಕ್ಕಿ ನಮ್ಮ ಎಚ್ಎಫ್ ಮಿಶ್ರತಳಿ ಹಸು. ಹೊತ್ತಿಗೆ ಎಂಟು ಲೀಟರ್ ಕೊಡ್ತಿದ್ದವಳು ಐದಕ್ಕೆ ಬಂದಿದ್ದಳು. ಅಪ್ಪ ಬೂಸಾ, ಜೋಳದ ನುಚ್ಚು ಜಾಸ್ತಿ ಮಾಡಿದ್ರು. ಹಾಲು ಇನ್ನೂ ಇಳೀತು. ದಲ್ಲಾಳಿಯೊಬ್ಬ ಆಗಲೇ ಬಂದು ಬೆಲೆ ಕೇಳಿ ಹೋಗಿದ್ದ.

ಪಶುವೈದ್ಯರು ಬಂದವರು ಕೆಚ್ಚಲು ಮುಟ್ಟಲೇ ಇಲ್ಲ. "ಹಗ್ಗ ಬಿಚ್ಚಿ ನಾಲ್ಕು ಹೆಜ್ಜೆ ನಡೆಸಿ" ಅಂದ್ರು. ನಡೆಸಿದೆ. ಬೆನ್ನು ಗೂನು, ತಲೆ ಕೆಳಗೆ. ಹಿಂದಿನ ಎಡಗಾಲು ನೆಲ ಮುಟ್ಟಿದ ತಕ್ಷಣ ಎತ್ತಿಕೊಳ್ತಿದ್ದಳು. ಆ ಕಾಲನ್ನ ಹಗ್ಗದಲ್ಲಿ ಎತ್ತಿ ಕಟ್ಟಿ, ಹೊರಗಿನ ಗೊರಸಿನ ಅಡಿ ಹೆರೆದರು. ಕಪ್ಪು ಚುಕ್ಕೆಯೊಂದು ಕಂಡಿತು. ಅದನ್ನ ಬಿಡಿಸಿದಾಗ ಕೀವು ಹರೀತು. ನಾನು ಮುಖ ತಿರುಗಿಸಿದೆ.

ಅವರು ಹೇಳಿದ್ದು ಸರಳವಾಗಿತ್ತು. ಗೊರಸು ತಿಂಗಳಿಗೆ ಸುಮಾರು 5 ಮಿಲಿಮೀಟರ್ ಬೆಳೆಯುತ್ತೆ. ಮೊದಲು ಕೆರೆ ಕಡೆ ಮೇಯೋಕೆ ಹೋಗ್ತಿದ್ದ ಹಸುಗಳಿಗೆ ಅದು ನಡೆದೇ ಸವೀತಿತ್ತು. ಈಗ ದಿನವಿಡೀ ಕಟ್ಟಿಹಾಕಿರ್ತೀವಿ. ಗಂಜಲದಲ್ಲಿ ನೆನೆದ ಗೊರಸು ಮೆತ್ತಗಾಗುತ್ತೆ, ಗಟ್ಟಿ ಸಿಮೆಂಟು ಅದನ್ನ ಒತ್ತುತ್ತೆ. ನಾರಿನ ಮೇವು ಕಮ್ಮಿಯಾಗಿ ನುಚ್ಚು ಹೆಚ್ಚಾದರೆ ಹೊಟ್ಟೆಯಲ್ಲಿ ಹುಳಿ ಏರುತ್ತೆ, ಗೊರಸಿನ ಒಳಪದರಕ್ಕೂ ಏಟು ಬೀಳುತ್ತೆ. ನೋವಿಗೆ ಹಸು ಮೇವು ಬಿಡುತ್ತೆ, ಹಾಲು ಇಳಿಯುತ್ತೆ. ಅಂದರೆ ನಾವು ಔಷಧಿ ಅಂದುಕೊಂಡು ಹಾಕಿದ್ದು ರೋಗಕ್ಕೇ ಮೇವಾಗಿತ್ತು.

ರಾತ್ರಿ ಮೊಬೈಲ್ ಹಿಡ್ಕೊಂಡು ಓದ್ತಾ ಕೂತೆ. ಹಸುವಿನ ಕುಂಟನ್ನ 1ರಿಂದ 5ರವರೆಗೆ ಅಳೆಯೋ ಪದ್ಧತಿಯೊಂದನ್ನ ಸ್ಪ್ರೆಕರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ್ದಾರೆ. ನಿಂತಾಗ ಬೆನ್ನು ನೆಟ್ಟಗಿದ್ದು, ನಡೆಯುವಾಗ ಮಾತ್ರ ಗೂನಾದರೆ 2. ನಿಂತಾಗಲೂ ಗೂನಾದರೆ 3. ನಮ್ಮ ಕಣ್ಣಿಗೆ ಕುಂಟು ಅಂತ ಕಾಣೋ ಹೊತ್ತಿಗೆ 4. ಆಫೀಸಲ್ಲಿ ಸರ್ವರ್ ಅರ್ಧ ಸೆಕೆಂಡ್ ತಡವಾದರೆ ನನ್ನ ಫೋನ್ ಬಡ್ಕೊಳುತ್ತೆ. ಚುಕ್ಕಿ ತಿಂಗಳುಗಟ್ಟಲೆ ಹೇಳ್ತಾನೇ ಇದ್ದಳು. ನಾವು ನೋಡ್ತಿದ್ದದ್ದು ಡೈರಿ ಚೀಟಿಯಲ್ಲಿದ್ದ ಲೀಟರ್ ಮಾತ್ರ.

ಬೆಳಿಗ್ಗೆ ಅಮ್ಮನನ್ನ ಕೇಳಿದೆ, "ನಿಂಗೆ ಗೊತ್ತೇ ಆಗ್ಲಿಲ್ವಾಮ್ಮ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಸಂಕ್ರಾಂತಿಯಿಂದಾನೇ ಕಾಲು ಎತ್ತೆತ್ತಿ ಇಡ್ತಿದ್ಲು. ಹೊಸ ನೆಲ ಆಗ್ತಿಲ್ವೇನೋ ಅನ್ನಿಸ್ತು. ನೀನು ಅಷ್ಟು ದುಡ್ಡು ಹಾಕಿ ಮಾಡಿಸಿದ್ದು. ಹೆಂಗಪ್ಪಾ ಹೇಳೋದು?"

ನನಗೆ ಉತ್ತರ ಸಿಗಲಿಲ್ಲ.

ಈಗ ಚುಕ್ಕಿ ಮಲಗೋ ಕಡೆ ರಬ್ಬರ್ ಮ್ಯಾಟ್ ಇದೆ. ಕೊಟ್ಟಿಗೆ ಹಿಂದೆ, ಹೊಂಗೆ ಮರದ ಕೆಳಗೆ ಬೇಲಿ ಹಾಕಿ ಮಣ್ಣಿನ ಅಂಗಳ ಬಿಟ್ಟಿದೀವಿ. ಹಗಲೆಲ್ಲ ಅಲ್ಲೇ ಓಡಾಡ್ತಾಳೆ. ನುಚ್ಚು ಕಮ್ಮಿ, ಒಣಹುಲ್ಲು ಜಾಸ್ತಿ. ವರ್ಷಕ್ಕೆರಡು ಸಲ ಗೊರಸು ಕತ್ತರಿಸಬೇಕು ಅಂತ ಅಪ್ಪ ಕ್ಯಾಲೆಂಡರಲ್ಲಿ ಗುರುತು ಹಾಕಿದಾರೆ. ಹಾಲು ಏಳಕ್ಕೆ ಬಂದಿದೆ, ಎಂಟಾಗಿಲ್ಲ. ದಲ್ಲಾಳಿ ಮತ್ತೆ ಬಂದಾಗ ಅಪ್ಪ ಕಾಫಿ ಕೊಟ್ಟು ಕಳಿಸಿದ್ರಂತೆ.

ಭಾನುವಾರ ವಿಡಿಯೋ ಕಾಲ್ ಮಾಡಿದಾಗ, "ಚುಕ್ಕಿನ ಸ್ವಲ್ಪ ನಡೆಸಮ್ಮ, ನೋಡ್ತೀನಿ" ಅಂತೀನಿ. ಅಮ್ಮ ನಗ್ತಾ ಫೋನ್ ಆ ಕಡೆ ತಿರುಗಿಸ್ತಾರೆ. ಹಸುವಿನ ಬೆನ್ನು ನೋಡಾದ ಮೇಲೆ ಇನ್ನೊಂದು ಪ್ರಶ್ನೆ ಕೇಳೋದನ್ನೂ ಕಲ್ತಿದೀನಿ: "ನಾನು ಮಾಡ್ಸಿದ್ದು ಇನ್ನೇನಾದ್ರೂ ಸರಿಯಿಲ್ವಾಮ್ಮ?"

ಹೋದ ವಾರ ಮೊದಲನೇ ಸಲ ಉತ್ತರ ಬಂತು. "ಆ ಮಿಕ್ಸಿ, ಕಣಪ್ಪ..."