ಹೋಲ್ಡಾನ್!

ಅಡಿಕೆ ಬೇಯಿಸುವ ಒಲೆಯ ಮುಂದೆ ಕೂತವನಿಗೆ ಎರಡೇ ಕೆಲಸ: ಬೆಂಕಿ ಆರದ ಹಾಗೆ ನೋಡಿಕೊಳ್ಳಬೇಕು, ಮಾತು ಆರದ ಹಾಗೆ ನೋಡಿಕೊಳ್ಳಬೇಕು. 2024ರ ಆಗಸ್ಟ್ 10ರ ರಾತ್ರಿ, ನಾಗರ ಪಂಚಮಿಯ ಮಾರನೇ ದಿನ, ಹೊಳಲ್ಕೆರೆ ಹತ್ತಿರ, ಫಸಲು ಗುತ್ತಿಗೆ ಹಿಡಿದು ಅಡಿಕೆ ಬೇಯಿಸುವ ಒಂದು ಖೇಣಿ ಮನೆಯಲ್ಲಿ ನಾವು ನಾಲ್ವರು ಹಳೇ ಗೆಳೆಯರು ಹಾಗೆ ಕೂತಿದ್ದೆವು. ಮೊದಲ ಕೊಯ್ಲಿನ ಅಡಿಕೆ ಹಂಡೆಯಲ್ಲಿ ಕೊತಕೊತ ಅನ್ನುತ್ತಿತ್ತು. ಹಸಿ ಸಿಪ್ಪೆ ಉರಿಯುವುದಕ್ಕಿಂತ ಹೊಗೆಯುವುದೇ ಹೆಚ್ಚು. ಗೆಳೆಯನ ಅಕ್ಕನ ಮಗ, ಒಂಬತ್ತನೇ ಕ್ಲಾಸಿನವನು, ಮೊಬೈಲನ್ನು ಚೀಲಕ್ಕೆ ಒರಗಿಸಿ ಪ್ಯಾರಿಸ್ ಒಲಿಂಪಿಕ್ಸ್ ಹಾಕಿದ್ದ. ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ನಡೆದದ್ದು ಅದೇ ಮೊದಲು. ಕೆನಡಾದ ಫಿಲ್ ವಿಝರ್ಡ್ ಅನ್ನುವವನು ಒಂದೇ ಕೈ ಮೇಲೆ ನಿಂತು ಕಾಲು ಮಡಚಿ ಗಕ್ಕನೆ ಕಲ್ಲಾದ.

"ಮಾಮ, ಇವ್ರು ನೆಲ ಒರೆಸ್ತಾ ಅವ್ರಲ್ಲ, ಇದಕ್ಕೂ ಚಿನ್ನದ ಪದಕ ಕೊಡ್ತಾರಾ?" ಅಂದ ಹುಡುಗ.

ನಾವು ನಾಲ್ವರೂ ಮುಖಮುಖ ನೋಡಿಕೊಂಡೆವು. ಹನ್ನೊಂದು ವರ್ಷದ ಹಿಂದೆ ಇದೇ ಮಾತನ್ನು ಇದೇ ಹೊಳಲ್ಕೆರೆಯ ಹಾದಿಯಲ್ಲಿ ಇನ್ನೊಬ್ಬರು ನಮಗೆ ಅಂದಿದ್ದರು. ಆ ಕತೆಯನ್ನು ಅವತ್ತು ಹುಡುಗನಿಗೆ ಹೇಳಿದ ಹಾಗೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಗುಂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬಸ್ಸಿನ ಬೋರ್ಡಿನ ಹಾಗೆ ಊರಿನ ಹೆಸರೇ ಹೆಸರು. "ಲೇ ಹಿರಿಯೂರು, ಟೀ ಹೇಳೋ" ಅಂದರೆ ಒಬ್ಬ ಏಳುತ್ತಿದ್ದ. "ಹೊಸದುರ್ಗ ಬಂತೇನೋ?" ಅಂದರೆ ಇನ್ನೊಬ್ಬನ ವಿಚಾರ. ಹೊಳಲ್ಕೆರೆಯವನು ಹೊಳಲ್ಕೆರೆ. ಭೀಮಸಮುದ್ರದವನನ್ನು ಉದ್ದ ಆಯಿತೆಂದು ಬರೀ ಸಮುದ್ರ ಮಾಡಿದ್ದೆವು. ನಾನು ದುರ್ಗ. ಚಿತ್ರದುರ್ಗದ ಒಂದು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವುದು ನನ್ನ ಕೆಲಸ. ಜಾತ್ರೆಗೆ ಮುಂಚೆ, ಮದುವೆ ದಿನಗಳಲ್ಲಿ ಅಂಗಡಿ ಮುಂದೆ ಸಾಲು. ಉಳಿದ ನಾಲ್ವರು ದುರ್ಗಕ್ಕೆ ಓದಲು ಬಂದವರು. ಹಾಡು ತುಂಬಿಸಿಕೊಳ್ಳಲು ಬಂದವರು ಅಲ್ಲೇ ನಿಂತು ನನ್ನ ಕಂಪ್ಯೂಟರಿನಲ್ಲಿ ಡ್ಯಾನ್ಸ್ ವಿಡಿಯೊ ನೋಡತೊಡಗಿದರು. ಗುಂಪು ಕಟ್ಟಿದ್ದು ಹಾಗೆ.

ಆ ಹೊತ್ತಿಗೆ ಊರೂರಿಗೆ ಡ್ಯಾನ್ಸಿನ ಹುಚ್ಚು ಹತ್ತಿತ್ತು. 2009ರಲ್ಲಿ 'ಡ್ಯಾನ್ಸ್ ಇಂಡಿಯಾ ಡ್ಯಾನ್ಸ್'ನ ಮೊದಲ ಸೀಸನ್ ಗೆದ್ದವನು ಬೆಂಗಳೂರಿನ ಸಲ್ಮಾನ್ ಯೂಸುಫ್ ಖಾನ್. 2013ರ ಫೆಬ್ರವರಿಯಲ್ಲಿ 'ಎಬಿಸಿಡಿ' ಸಿನಿಮಾ ಬಂತು, ಅದರಲ್ಲಿ ಗುರು ಪ್ರಭುದೇವ. ಪ್ರಭುದೇವ ಅಂದರೆ ನಮಗೆ ಬಾಂಬೆಯವರೂ ಅಲ್ಲ, ಮದ್ರಾಸಿನವರೂ ಅಲ್ಲ. ಮೂಗೂರು ಸುಂದರ್ ಮಗ, ಟಿ. ನರಸೀಪುರ ತಾಲ್ಲೂಕಿನ ಮೂಗೂರಿನವರು, ನಮ್ಮವರು. ಹಳ್ಳಿ ಹೆಸರು ಹೊತ್ತುಕೊಂಡೇ ಕುಣಿದು ಬದುಕಿದ ಮನೆತನ ಅನ್ನುವುದೇ ನಮಗೆ ದೊಡ್ಡ ಧೈರ್ಯ.

ಕಲಿಸುವವರು ಯಾರೂ ಇರಲಿಲ್ಲ. ಹಿರಿಯೂರಿನ ಹತ್ತಿರ ವೇದಾವತಿ ಆಗ ಬತ್ತಿ ಬರೀ ಮರಳು. ಭಾನುವಾರ 40 ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಆ ಮರಳಿನಲ್ಲಿ ಲಾಗ ಹಾಕುವುದು. ಬಿದ್ದರೆ ಮೈ ಮುರಿಯುವುದಿಲ್ಲ, ಬಾಯಿಗೆ ಮರಳು ಹೋಗುತ್ತದೆ ಅಷ್ಟೆ. (ಆ ಹೊಳೆಗೆ ಕಟ್ಟಿದ ವಾಣಿ ವಿಲಾಸ ಸಾಗರ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಅದಾದ ಮೇಲೆ 2022ರ ಸೆಪ್ಟೆಂಬರಿನಲ್ಲಿ. ಆ ಸಲ ಹೊಳೆ ನಮ್ಮ ಗರಡಿಯನ್ನು ಗುಡಿಸಿಕೊಂಡು ಹೋಯಿತು. ಜಿಲ್ಲೆಯೆಲ್ಲ ಬಾಗಿನದ ಸಂಭ್ರಮದಲ್ಲಿದ್ದಾಗ ನಾವು ಮಾತ್ರ ಮರಳು ಹೋಯಿತೆಂದು ಫೋನು ಮಾಡಿಕೊಂಡೆವು.) ಇನ್ನು ಕೆಲವು ದಿನ ದುರ್ಗದ ಕೋಟೆಗೆ ಹೋಗಿ ಜ್ಯೋತಿರಾಜ್ ಬರಿಗೈಯಲ್ಲಿ ಗೋಡೆ ಹತ್ತುವುದನ್ನು ನೋಡುತ್ತಾ ನಿಲ್ಲುವುದು. ಕೋತಿರಾಜ್ ಎಂದೇ ಎಲ್ಲರೂ ಕರೆಯುತ್ತಿದ್ದ ಆತ ತಲೆಕೆಳಗಾಗಿ ನೇತಾಡುವಾಗ ಹೊಳಲ್ಕೆರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. "ನಮ್ಮಪ್ಪ ಇದನ್ನ ದಿನಾ ಮಾಡ್ತಾನೆ, ಟಿಕೆಟ್ ಇಲ್ದೆ" ಅನ್ನುತ್ತಿದ್ದ.

ಸುಳ್ಳಲ್ಲ. ಅವನಪ್ಪ ಅಡಿಕೆ ಕೊನೆ ಇಳಿಸುವವರು. ಒಂದು ಮರ ಹತ್ತಿದರೆ ಇಳಿಯುವುದಿಲ್ಲ, ಅದನ್ನೇ ತೂಗಾಡಿಸಿ ಪಕ್ಕದ ಮರ ಹಿಡಿದು ದಾಟುವುದು. ಹೊಳಲ್ಕೆರೆ ಹತ್ತು ವರ್ಷದವನಿದ್ದಾಗಿನಿಂದ ರಜೆಯಲ್ಲಿ ಅದೇ ಕೆಲಸ. ನಾವು ಮೂರು ತಿಂಗಳು ಬಿದ್ದು ಕಲಿತ ಕೈ ಮೇಲಿನ ನಿಲುವನ್ನು ಅವನು ಮೊದಲ ದಿನವೇ ನಿಂತು, ಹಾಗೇ ತಲೆಕೆಳಗಾಗಿ "ಊಟ ಆತಾ?" ಎಂದು ಕೇಳಿದ.

ಹೊಸದುರ್ಗ ಹುಡುಗ ಸಾಣೇಹಳ್ಳಿಯ ಶಾಲೆಯಲ್ಲಿ ಓದಿದವನು. ಪಂಡಿತಾರಾಧ್ಯ ಸ್ವಾಮೀಜಿಯವರ ಆ ಊರಿನಿಂದ 1997ರಿಂದ ಶಿವಸಂಚಾರ ನಾಟಕ ತಂಡ ನಾಡೆಲ್ಲ ತಿರುಗುತ್ತಿದೆ. ಪ್ರತಿ ನವೆಂಬರಿನಲ್ಲಿ ಬಯಲು ರಂಗಮಂದಿರದಲ್ಲಿ ನಾಟಕೋತ್ಸವ. ಅದರ ಮೆಟ್ಟಿಲ ಮೇಲೆ ಕೂತು ಬೆಳೆದವನಿಗೆ ಒಂದು ವಿದ್ಯೆ ಬಂದಿತ್ತು: ಪೆಟ್ಟಾಗದ ಹಾಗೆ ಬೀಳುವುದು. ಬಿದ್ದ ಮೇಲೂ ಮುಖ ಜನರ ಕಡೆಗೇ ಇರಬೇಕು ಅನ್ನುವುದು ಅವನ ಪಾಠ. ಕುಣಿತದಲ್ಲಿ ಅವನು ಸಾಧಾರಣ. ಆದರೆ ಅವನು ಬಿದ್ದರೆ ಜನ ಎದ್ದು ನಿಂತು ನೋಡುತ್ತಿದ್ದರು.

ಹಿರಿಯೂರಿನ ಕಾಲು ಬೇರೆಯದೇ. ಒಂದು ದಿನ ಅಂಗಡಿಯಲ್ಲಿ ನಾನು ಅವರಿಗೆ ನ್ಯೂಯಾರ್ಕಿನ ಬ್ರಾಂಕ್ಸ್ ಕತೆ ಹೇಳಿದ್ದೆ. 1973ರ ಆಗಸ್ಟ್ 11, ಸೆಡ್ಜ್‌ವಿಕ್ ಅವೆನ್ಯೂದ 1520ನೇ ನಂಬರಿನ ವಠಾರ. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕೆಂದು ಸಿಂಡಿ ಅನ್ನುವ ಹುಡುಗಿ ಒಂದು ಪಾರ್ಟಿ ಇಟ್ಟಳು. ಹುಡುಗಿಯರಿಗೆ 25 ಸೆಂಟ್ಸ್, ಹುಡುಗರಿಗೆ 50. ಹಾಡು ಹಾಕಿದವನು ಅವಳಣ್ಣ ಕೂಲ್ ಹರ್ಕ್, ಜಮೈಕಾದಿಂದ ಬಂದವನು. ಹಾಡುಗಾರ ಬಾಯಿ ಮುಚ್ಚಿ ಬರೀ ಡ್ರಮ್ಮು ಬಾರಿಸುವ ತುಣುಕು ಬಂದಾಗಲೇ ಜನ ಹುಚ್ಚೆದ್ದು ಕುಣಿಯುವುದನ್ನು ಕಂಡು, ಎರಡು ಪ್ಲೇಟು ಇಟ್ಟುಕೊಂಡು ಅದೇ ತುಣುಕನ್ನು ಎಳೆದೆಳೆದು ಹಾಕಿದ. ಆ 'ಬ್ರೇಕ್'ಗೆ ಕುಣಿದವರೇ ಬಿ-ಬಾಯ್‌ಗಳು.

ಹಿರಿಯೂರು ನಕ್ಕುಬಿಟ್ಟ. "ಇದ್ರಾಗೆ ಏನಲೇ ಹೊಸದು? ನಮ್ಮಪ್ಪ ಹಬ್ಬದಾಗೆ ರಾತ್ರಿಯೆಲ್ಲ ಬಡಿಯೋದು ಅದೇ ತಾನೆ."

ಅವನಪ್ಪ ತಮಟೆ, ಉರುಮೆ ಎರಡರಲ್ಲೂ ಪಳಗಿದ ಕೈ. ಆ ಒಂದು ಸಲ ಬಾಯಿ ತಪ್ಪಿ ಅಂದಿದ್ದು ಬಿಟ್ಟರೆ ಹಿರಿಯೂರು ಆ ಮಾತು ಎತ್ತುತ್ತಿರಲಿಲ್ಲ. ಕಾರಣ ಕೇಳಬೇಕಿರಲಿಲ್ಲ. ಊರೆಲ್ಲ ಅವರಪ್ಪನ ತಮಟೆಗೆ ಕುಣಿಯುತ್ತದೆ, ಕುಣಿದು ದಣಿದವರು ಗುಡಿಯೊಳಗೆ ಹೋಗುತ್ತಾರೆ, ತಮಟೆಯವರು ಹೊರಗೇ ನಿಲ್ಲುತ್ತಾರೆ. ಆದರೂ ಪ್ರಾಕ್ಟೀಸಿನಲ್ಲಿ ನಾವು "ಫೈವ್, ಸಿಕ್ಸ್, ಸೆವೆನ್, ಏಟ್" ಎಣಿಸುವಾಗ ಅವನ ತುಟಿ ಬೇರೇನನ್ನೋ ಎಣಿಸುತ್ತಿತ್ತು. ಜಡ್ಡಣಕ, ಜಡ್ಡಣಕ. ತಾಳ ತಪ್ಪುತ್ತಿದ್ದವರು ಯಾವಾಗಲೂ ಇಂಗ್ಲಿಷಿನಲ್ಲಿ ಎಣಿಸುತ್ತಿದ್ದ ನಾವೇ.

ಉಳಿದವನು ಸಮುದ್ರ. ಅವರಪ್ಪ ಅದಿರು ಲಾರಿಯ ಡ್ರೈವರು. 2011ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯಲ್ಲೂ ತುಮಕೂರಿನಲ್ಲೂ ಗಣಿ ಕೆಲಸ ನಿಲ್ಲಿಸಿತು, ಬಳ್ಳಾರಿಯಲ್ಲಿ ತಿಂಗಳ ಮುಂಚೆಯೇ ನಿಲ್ಲಿಸಿತ್ತು. ನಿಲ್ಲಿಸಿದ್ದು ಸರಿಯೇ. ತೋಟದ ಗರಿಯ ಮೇಲೆ ಕೆಂಪು ಧೂಳು ಕಂಡವರು ಯಾರೂ ತಪ್ಪು ಅನ್ನಲಾರರು. ಆದರೆ ಸಾಲದ ಕಂತು ನಿಲ್ಲಲಿಲ್ಲ. ಬೇವಿನ ಮರದ ಕೆಳಗೆ ನಿಂತ ಲಾರಿಯನ್ನು ಒಂದು ದಿನ ಫೈನಾನ್ಸಿನವರು ಒಯ್ದರು. ಅಪ್ಪ ಜಗಲಿಯ ಮೇಲೆ ಕೂತವರು ಎರಡು ವರ್ಷ ಸರಿಯಾಗಿ ಮಾತಾಡಲಿಲ್ಲ. ಸಮುದ್ರ ಮೊದಲು ಅಪ್ಪನ ಲಾರಿಯಲ್ಲೇ ಕ್ಲೀನರ್ ಆಗಿ ತಿರುಗಿದವನು. ಹಿಂದಕ್ಕೆ ಜಾರುವ ಹೆಜ್ಜೆ, ಮೂನ್‌ವಾಕ್ ಅನ್ನುತ್ತಾರಲ್ಲ, ಅದರಲ್ಲಿ ಅವನಿಗೆ ಸಮ ಯಾರೂ ಇಲ್ಲ. ತಿರುಗಿ ನೋಡದೆ ಹಿಂದೆ ಹೋಗುವುದು ಅವನಿಗೆ ಅಭ್ಯಾಸ.

2013ರಲ್ಲಿ ಸೆಪ್ಟೆಂಬರ್ 9ಕ್ಕೆ ಗಣೇಶನ ಹಬ್ಬ. ಹೊಳಲ್ಕೆರೆ ಎಂದರೆ ಬಯಲಲ್ಲೇ ಕೂತ ದೊಡ್ಡ ಗಣಪನ ಊರು, ಅಲ್ಲಿ ಹಬ್ಬಕ್ಕೆ ಕೇಳಬೇಕೆ? ಒಂದು ಬಡಾವಣೆಯ ಪೆಂಡಾಲಿನಲ್ಲಿ ಗುಂಪು ನೃತ್ಯ ಸ್ಪರ್ಧೆ ಇಟ್ಟಿದ್ದರು. ಸಮುದ್ರದ ಅಪ್ಪ ಭಾವಮೈದುನನ ಟಾಟಾ ಏಸ್ ಇಸಿದುಕೊಂಡು ನಮ್ಮನ್ನು ಕರೆತಂದರು. ಬಾಡಿಗೆ ಕೇಳಲಿಲ್ಲ, ಹಾದಿಯುದ್ದ ಮಾತೂ ಆಡಲಿಲ್ಲ. ಹೆಸರು ಬರೆಸಲು ಹೋದಾಗ ತಿಳಿಯಿತು: ಗುಂಪು ಎಂದರೆ ಕನಿಷ್ಠ ಆರು ಜನ. ನಾವು ಐವರು.

ಬೇಡಿದೆವು. ಆಗುವುದಿಲ್ಲ ಅಂದರು. ಹೊಸದುರ್ಗ ಟಾಟಾ ಏಸ್ ಕಡೆ ನೋಡಿದ. ನಾವೂ ನೋಡಿದೆವು. ಖಾಕಿ ಶರ್ಟಿನಲ್ಲಿ ಸಮುದ್ರದ ಅಪ್ಪ ಟೈರು ಒದ್ದು ಗಾಳಿ ನೋಡುತ್ತಿದ್ದರು.

"ನಾನ್ಯಾಕಲೇ ಕುಣೀಲಿ? ಮಾನ ಮರ್ಯಾದೆ ಐತಾ ನಿಮಗೆ?"

"ಕುಣಿಯೋದು ಬ್ಯಾಡಪ್ಪ, ಸುಮ್ನೆ ನಡುವೆ ನಿಂತ್ಕೊ. ಕಂಬ ಅನ್ಕೊ."

ಸ್ಟೇಜಿನ ಮೇಲೆ ಅವರು ಕಂಬದ ಹಾಗೇ ನಿಂತರು. ಕೈ ಕಟ್ಟಿ, ಗಣಪನ ಕಡೆ ಮುಖ ಮಾಡಿ, ಜನರಿಗೆ ಅರ್ಧ ಬೆನ್ನು ಕೊಟ್ಟು. ಹಾಡು ಶುರುವಾಯಿತು. ಮೂರು ಹಾಡು ಕತ್ತರಿಸಿ ಅಂಟಿಸಿದ್ದವನು ನಾನೇ. ಹಿಂದಿನ ರಾತ್ರಿ ಅಂಗಡಿಯಲ್ಲಿ ಗಿರಾಕಿಗಳ ನಡುವೆ ಕೂತು ಪೂರ್ತಿ ಸೇವ್ ಆಗುವ ಮೊದಲೇ ಪೆನ್‌ಡ್ರೈವ್ ಕಿತ್ತುಕೊಂಡಿದ್ದೆ. ಒಂದು ನಿಮಿಷ ಐವತ್ತು ಸೆಕೆಂಡಿಗೆ ಹಾಡು ಸತ್ತುಹೋಯಿತು. ಸೌಂಡಿನವರದು ಏನೂ ತಪ್ಪಿರಲಿಲ್ಲ, ಪಾಪ, ಜನ ಮಾತ್ರ ಅವರನ್ನೇ ಬೈದರು. ನಾನು ಇವತ್ತಿನ ತನಕ ಒಪ್ಪಿಕೊಂಡಿರಲಿಲ್ಲ, ಈಗ ಬರೆದಾಯಿತು.

ಹಾಡು ನಿಂತದ್ದು ಸಮುದ್ರ ಹಿಂದಕ್ಕೆ ಜಾರುತ್ತಿದ್ದಾಗ. ಅವನು ನಿಲ್ಲಲಿಲ್ಲ. ಭಯಕ್ಕೋ ಹಟಕ್ಕೋ ಜಾರುತ್ತಲೇ ಇದ್ದ. ಸ್ಟೇಜಿನ ಅಂಚಿಗೆ ಇನ್ನು ಒಂದು ಗೇಣು. ಆಗ ಆ ಮೌನದಲ್ಲಿ, ಕಂಬ ಕೂಗಿತು:

"ಹೋಲ್ಡಾನ್!"

ಗಣಿಯ ತಿರುವುಗಳಲ್ಲಿ ಲಾರಿ ನಿಲ್ಲಿಸುತ್ತಿದ್ದ ದನಿ. ಸಮುದ್ರ ನಿಂತಲ್ಲೇ ನೆಟ್ಟುಬಿಟ್ಟ. ಜನ ಘೊಳ್ಳೆಂದು ನಕ್ಕರು. ಇದೂ ಐಟಂ ಅಂದುಕೊಂಡರು. ಅಪ್ಪ ಗಾಬರಿಯಾಗಿ ಎರಡೂ ಕೈ ಮುಂದೆ ಎತ್ತಿದ್ದರು, ಅದು ಸ್ಟೀರಿಂಗ್ ಹಿಡಿದ ಹಾಗೇ ಇತ್ತು. ಹೊಸದುರ್ಗನ ನಾಟಕದ ಬುದ್ಧಿ ಚುರುಕು, ತಕ್ಷಣ ಅವರ ಎದುರಿಗೆ ಓಡಿಬಂದು ಕೈಬೀಸಿದ: "ಬರ್ಲಿ, ಬರ್ಲಿ, ಬರ್ಲಿ, ಲೆಫ್ಟಿಗೆ ಕಟ್ ಮಾಡಿ, ಬರ್ಲಿ!"

ಅವರು ಮಗನ ಮುಖ ನೋಡಿದರು. ಆಮೇಲೆ ಎಡಕ್ಕೆ ಕಟ್ ಮಾಡಿದರು.

ಅಲ್ಲಿಂದ ಮುಂದೆ ನಮ್ಮ ಕೈಯಲ್ಲಿ ಏನೂ ಇರಲಿಲ್ಲ. ಅವರು ಗೇರು ಹಾಕಿದರು, ಕ್ಲಚ್ಚು ತುಳಿದರು, ಘಾಟಿಯಲ್ಲಿ ಎದುರು ಬಂದವನನ್ನು ಬೈದರು. ಹೊಳಲ್ಕೆರೆ ತಲೆಕೆಳಗಾಗಿ ಕೈ ಮೇಲೆ ನಡೆದು ಹಿಂದಿನ ಚಕ್ರವಾದ. ಹೊಸದುರ್ಗ ಚಕ್ರದಡಿ ಸಿಕ್ಕು ಬಿದ್ದ, ಮುಖ ಜನರ ಕಡೆಗೆ. ನಾನು ಎಲ್ಲಿ ನಿಲ್ಲಬೇಕೋ ತಿಳಿಯದೆ ಡೀಸೆಲ್ ಹಾಕುವವನಾದೆ. ಇಷ್ಟಕ್ಕೆಲ್ಲ ತಾಳ ಬೇಕಲ್ಲ? ಸ್ಟೇಜಿನ ಮೂಲೆಯಲ್ಲಿ ನೀರಿನ ನೀಲಿ ಡ್ರಮ್ಮು ಇತ್ತು. ಹಿರಿಯೂರು ಅದನ್ನು ಉರುಳಿಸಿ ಬೋರಲು ಹಾಕಿ ಎರಡೂ ಕೈಯಲ್ಲಿ ಶುರುಹಚ್ಚಿಕೊಂಡ. ವರ್ಷವಿಡೀ ಬಾಯಿ ಬಿಡದೆ ಇಟ್ಟುಕೊಂಡದ್ದನ್ನೆಲ್ಲ ಆ ಪ್ಲಾಸ್ಟಿಕ್ಕಿನ ಮೇಲೆ ಸುರಿದುಬಿಟ್ಟ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಂದಿರು ಎದ್ದು ಟವೆಲ್ಲು ಬೀಸಿದರು. ಎಷ್ಟು ಹೊತ್ತು ನಡೆಯಿತೋ ಗೊತ್ತಿಲ್ಲ. ತೀರ್ಪುಗಾರರು ಗಂಟೆ ಹೊಡೆದದ್ದು ಮಾತ್ರ ಯಾರಿಗೂ ಕೇಳಲಿಲ್ಲ.

ಮೊದಲ ಬಹುಮಾನ ಕೋಲಾಟ ಆಡಿದ ಹೆಣ್ಣುಮಕ್ಕಳಿಗೆ ಹೋಯಿತು, ಅದು ನ್ಯಾಯವೇ. ಅವರ ಒಂದು ಕೋಲೂ ತಪ್ಪಿರಲಿಲ್ಲ. ನಮ್ಮದು ಡ್ಯಾನ್ಸೋ ನಾಟಕವೋ ಎಂದು ತೀರ್ಪುಗಾರರಲ್ಲೇ ಜಗಳವಾಗಿ, ಕೊನೆಗೆ ಸಮಾಧಾನಕರ ಬಹುಮಾನ ಅಂದರು: ಸ್ಟೀಲಿನ ಟಿಫನ್ ಬಾಕ್ಸು. ಐದೇ ಕೊಟ್ಟರು. ಆರನೆಯವರು ಡ್ಯಾನ್ಸರ್ ಅಲ್ಲ, ಡ್ರೈವರ್ ಎಂದು ಯಾರೋ ಹೇಳಿಬಿಟ್ಟಿದ್ದರಂತೆ. ನಾನು ನನ್ನದನ್ನು ಅವರಿಗೆ ಕೊಡಲು ಹೋದೆ. ಪೆನ್‌ಡ್ರೈವಿನ ಪಾಪವೂ ಇತ್ತಲ್ಲ.

"ಇಟ್ಕೊಳಪ್ಪ" ಅಂದರು. ಗಾಡಿ ಹತ್ತಿ, ಭೀಮಸಮುದ್ರದ ತಿರುವು ಬರುವ ತನಕ ಸುಮ್ಮನಿದ್ದು, ಆಮೇಲೆ ತಾವಾಗಿಯೇ ನಗತೊಡಗಿದರು. "ಅಲ್ಲಲೇ, ಇಷ್ಟಕ್ಕಾ ನೀವು ಒಂದು ವರ್ಷ ನೆಲ ಒರೆಸಿದ್ದು?" ಎರಡು ವರ್ಷದಲ್ಲಿ ಅಪ್ಪ ನಕ್ಕಿದ್ದು ಅದೇ ಮೊದಲು ಎಂದು ಸಮುದ್ರ ಮಾರನೇ ದಿನ ಹೇಳಿದ. ಆ ದೀಪಾವಳಿಗೆ ಅವರು ಇನ್ನೊಬ್ಬರ ಲಾರಿಗೆ ಡ್ರೈವರ್ ಆಗಿ ಹೋದರು.

ಗುಂಪು ಮರುವರ್ಷವೇ ಚದುರಿತು. ಜಗಳವೇನಿಲ್ಲ, ಪರೀಕ್ಷೆ ಮುಗಿಯಿತು ಅಷ್ಟೆ. ಹೊಳಲ್ಕೆರೆ ಈಗ ತಾನೇ ಖೇಣಿ ಹಿಡಿಯುತ್ತಾನೆ, ಈ ಒಲೆ ಅವನದೇ. ಹೊಸದುರ್ಗ ಮೇಷ್ಟ್ರು, ಶಾಲೆಯ ವಾರ್ಷಿಕೋತ್ಸವ ಬಂದರೆ ಮಕ್ಕಳಿಗೆ ಬೀಳುವುದನ್ನು ಕಲಿಸುತ್ತಾನೆ. ಸಮುದ್ರ ಕೆಎಸ್‌ಆರ್‌ಟಿಸಿಯಲ್ಲಿ ಡ್ರೈವರ್ ಕಂ ಕಂಡಕ್ಟರ್, 'ಹೋಲ್ಡಾನ್' ಅನ್ನುವುದಕ್ಕೇ ಸಂಬಳ. ಒಲೆ ಮುಂದೆ ಇಲ್ಲದಿದ್ದವನು ಹಿರಿಯೂರು ಒಬ್ಬನೇ. ಐವರಲ್ಲಿ ಕುಣಿದೇ ಊಟ ಮಾಡುತ್ತಿರುವವನೂ ಅವನೊಬ್ಬನೇ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಕ್ಕಳಿಗೆ ಕಲಿಸುತ್ತಾನೆ. ಅವತ್ತು ರಾತ್ರಿ ಫೋನು ಹಚ್ಚಿದರೆ ಅವನೂ ಪ್ಯಾರಿಸ್ ನೋಡುತ್ತಿದ್ದ. "ಮಕ್ಕಳಿಗೆ ಹೆಂಗೆ ಎಣಿಸ್ತೀಯೋ ಈಗ?" ಅಂತ ಕೇಳಿದೆ. "ಜಡ್ಡಣಕ ಅಂತಲೇ. ಫೀಸು ಜಾಸ್ತಿ ಅದಕ್ಕೆ" ಅಂದ.

ಫಿಲ್ ವಿಝರ್ಡ್‌ಗೆ ಚಿನ್ನ ಬಂತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಇಲ್ಲ ಎಂದು ಮೊದಲೇ ತೀರ್ಮಾನವಾಗಿದೆ ಎಂದಾಗ ಅಕ್ಕನ ಮಗನಿಗೆ ನಮಗಿಂತ ಹೆಚ್ಚು ಬೇಜಾರಾಯಿತು. ಅವನಿಗೆ ಆ ರಾತ್ರಿಯ ವಿಡಿಯೊ ಬೇಕಂತೆ. ಊರಿಗೆಲ್ಲ ಹಾಡು ತುಂಬಿಸಿ ಕೊಟ್ಟವನು ನಾನು, ನಮ್ಮ ಕುಣಿತದ ಒಂದು ತುಣುಕೂ ನನ್ನ ಹತ್ತಿರ ಇಲ್ಲ.

2013ರ ಗಣೇಶನ ಹಬ್ಬದಲ್ಲಿ ಹೊಳಲ್ಕೆರೆಯ ಪೆಂಡಾಲಿನಲ್ಲಿ ಲಾರಿ ಓಡಿಸಿದ ಒಂದು ಡ್ಯಾನ್ಸನ್ನು ನಿಮ್ಮಲ್ಲಿ ಯಾರಾದರೂ ಮೊಬೈಲಿನಲ್ಲಿ ಹಿಡಿದಿದ್ದರೆ, ದಯವಿಟ್ಟು ಹಳೇ ಮೆಮೊರಿ ಕಾರ್ಡುಗಳನ್ನು ಎಸೆಯುವ ಮುಂಚೆ ಒಮ್ಮೆ ನೋಡಿ. ಸಮುದ್ರದ ಅಪ್ಪ ತಾನು ಅವತ್ತು 'ಹೋಲ್ಡಾನ್' ಎಂದು ಕೂಗಲೇ ಇಲ್ಲ, ಜನರಲ್ಲಿ ಯಾರೋ ಕೂಗಿದ್ದು ಎಂದು ಇವತ್ತಿಗೂ ವಾದಿಸುತ್ತಿದ್ದಾರೆ.