ಮೆನುವಿನಲ್ಲಿ ಇಲ್ಲ ಅಂದರೆ ಮನೆಯಲ್ಲೇ ಇಲ್ಲ ಅಂತಲೇ?

ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡವರು ಅನೇಕರು ಈಗ ಲಿನಕ್ಸ್ ಕಡೆ ಒಮ್ಮೆ ಇಣುಕಿ ನೋಡುತ್ತಿದ್ದಾರೆ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 11 ಹಾಕೋಣ ಅಂದರೆ ಹಳೇ ಯಂತ್ರಗಳನ್ನು ಅದು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಯಳಂದೂರಿನಲ್ಲಿರುವ ನನ್ನ ಅಕ್ಕನ ಮಗಳೂ ಹೀಗೇ ವಿಂಡೋಸ್ ಪಕ್ಕದಲ್ಲಿ ಡೆಬಿಯನ್ ಹಾಕಿಕೊಂಡಳು. ರೀಸ್ಟಾರ್ಟ್ ಮಾಡಿದರೆ ಮೆನುವಿನಲ್ಲಿ ಡೆಬಿಯನ್ ಒಂದೇ!

ಹನೂರಿಗೆ ಫೋನ್ ಬಂತು. "ಮಾವ, ವಿಂಡೋಸೇ ಇಲ್ಲ ಕನ ಮಾವ! ಅಪ್ಪಂಗ ಏನ್ ಹೇಳದು?"

ಭಯಕ್ಕೆ ಕಾರಣ ಇತ್ತು. ಕೊಳ್ಳೇಗಾಲದ ಮಾರುಕಟ್ಟೆಗೆ ಹಾಕಿದ ರೇಷ್ಮೆಗೂಡಿನ ಆರು ವರ್ಷದ ಲೆಕ್ಕ ಭಾವ ಇಟ್ಟಿದ್ದು ಅದೇ ವಿಂಡೋಸಿನಲ್ಲಿ. ರಿಪೇರಿ ಮಾಡುವವರೊಬ್ಬರು ಆಗಲೇ ತೀರ್ಪು ಕೊಟ್ಟಿದ್ದರು: ಎಲ್ಲಾ ಹೋಯ್ತು, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಕೊಡ್ತೀನಿ ಅಂತ. ಹಾಗೆ ಮಾಡಿದ್ದರೆ ನಿಜವಾಗಿಯೂ ಹೋಗುತ್ತಿತ್ತು.

"ಏನೂ ಹೋಗಿಲ್ಲ, ಸುಮ್ನಿರು ಕನವ್ವ" ಅಂದೆ.

ನಮ್ಮ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯ ಪಟ್ಟಿಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ. ಕೊಳ್ಳೇಗಾಲ ತಾಲೂಕಿನೊಳಗಿದ್ದ ನಮ್ಮ ಹನೂರು ಈಗ ತಾನೇ ಒಂದು ತಾಲೂಕು. ಇಷ್ಟೆಲ್ಲಾ ಆದರೂ ಊರು ಒಂದಿಂಚೂ ಕದಲಲಿಲ್ಲ, ಬದಲಾಗಿದ್ದು ಪಟ್ಟಿ ಮಾತ್ರ. ಬೂಟ್ ಮೆನುವೂ ಅಷ್ಟೇ, ಒಂದು ಪಟ್ಟಿ.

ಲಿನಕ್ಸಿನಲ್ಲಿ ಆ ಪಟ್ಟಿ ಬರೆಯುವುದು ಗ್ರಬ್. ಡಿಸ್ಕಿನಲ್ಲಿ ಬೇರೆ ಯಾರ್ಯಾರು ಇದ್ದಾರೆ ಅಂತ ಹುಡುಕಿ ಅದಕ್ಕೆ ಹೇಳುವ ಶಾನುಭೋಗನ ಹೆಸರು ಓಎಸ್-ಪ್ರೋಬರ್. 2021ರಲ್ಲಿ ಬಂದ ಗ್ರಬ್ 2.06ರಿಂದ, ಸುರಕ್ಷತೆಯ ಕಾರಣಕ್ಕೆ, ನಾವಾಗಿ ಹೇಳದಿದ್ದರೆ ಈ ಶಾನುಭೋಗ ಮನೆ ಬಿಟ್ಟು ಹೊರಡುವುದಿಲ್ಲ. ಇಲ್ಲಿ ಆಗಿದ್ದೂ ಅದೇ.

ಫೋನಿನಲ್ಲೇ ಒಂದೊಂದಾಗಿ ಮಾಡಿಸಿದೆ. ಮೊದಲು ಡೆಬಿಯನ್‌ನ ಫೈಲ್ ಮ್ಯಾನೇಜರಿನಲ್ಲಿ ವಿಂಡೋಸ್ ಇದ್ದ ಭಾಗವನ್ನು ತೆರೆಸಿದೆ. ಲೆಕ್ಕದ ಫೋಲ್ಡರ್ ಅಲ್ಲೇ ಕೂತಿತ್ತು! ಮುಂದಕ್ಕೆ ಹೋಗುವ ಮುಂಚೆ ಅದನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿಸಿದೆ. ಎರಡನೆಯದು, ಯಂತ್ರ ಆನ್ ಮಾಡಿದ ಕೂಡಲೇ ಎಫ್12 ಒತ್ತಿಸಿದೆ (ಕೆಲವು ಕಂಪನಿಗಳಲ್ಲಿ ಎಫ್9, ಎಸ್ಕೇಪ್ ಹೀಗೆ ಬೇರೆ ಕೀಲಿ ಇರುತ್ತದೆ). ಯಂತ್ರದ ಸ್ವಂತ ಪಟ್ಟಿಯಲ್ಲಿ ವಿಂಡೋಸ್ ಬೂಟ್ ಮ್ಯಾನೇಜರ್ ಇತ್ತು, ಆರಿಸಿದರೆ ವಿಂಡೋಸ್ ತೆರೆಯಿತು. ಅರ್ಧ ಜೀವ ಬಂತು ಅವಳಿಗೆ.

ಉಳಿದದ್ದು ಗ್ರಬ್‌ನ ಪಟ್ಟಿ ಸರಿಮಾಡುವುದು. ಮತ್ತೆ ಡೆಬಿಯನ್‌ಗೆ ಬಂದು, ಇಟಿಸಿ ಒಳಗಿನ ಡೀಫಾಲ್ಟ್ ಫೋಲ್ಡರಿನಲ್ಲಿರುವ ಗ್ರಬ್ ಫೈಲಿನಲ್ಲಿ 'ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್' ಅಂತ ಒಂದು ಸಾಲು, ಆಮೇಲೆ ಟರ್ಮಿನಲ್‌ನಲ್ಲಿ 'ಸುಡೋ ಅಪ್‌ಡೇಟ್-ಗ್ರಬ್' (ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು, ಮೊದಲನೆಯದು ಫಾಲ್ಸ್ ಬಿಟ್ಟು ಎಲ್ಲಾ ದೊಡ್ಡಕ್ಷರ). ವಿಂಡೋಸ್ ಸಿಕ್ಕಿತು ಅಂತ ತೆರೆಯ ಮೇಲೆ ಒಂದು ಸಾಲು ಬಂತು. ಅಷ್ಟೇ!

ಇದು ಎಲ್ಲ ಯಂತ್ರಕ್ಕೂ ಮದ್ದಲ್ಲ. ಒಂದನ್ನು ಯುಇಎಫ್‌ಐ ರೀತಿಯಲ್ಲಿ, ಇನ್ನೊಂದನ್ನು ಹಳೇ ಬಯೋಸ್ ರೀತಿಯಲ್ಲಿ ಹಾಕಿದ್ದರೆ ಗ್ರಬ್ ಮೆನುವಿನಿಂದ ಇನ್ನೊಂದು ತೆರೆಯುವುದಿಲ್ಲ. ಆದರೆ ಯಾರಾದರೂ "ಹೋಯ್ತು, ಫಾರ್ಮ್ಯಾಟ್" ಅಂದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನೀವು ನೋಡಿದ್ದು ಪಟ್ಟಿಯನ್ನೋ, ಡಿಸ್ಕನ್ನೋ?