ಕೌದಿ ಹಾಸುವಷ್ಟು ನೆಲ

ಹೋಳಿ ಹುಣ್ಣಿಮೆಯಿಂದ ಯುಗಾದಿಗೆ ಹದಿನೈದು ದಿನ. ಧಾರವಾಡ ಸೀಮೆಯ ನಮ್ಮೂರಲ್ಲಿ ಆ ಹದಿನೈದು ದಿನ ಮನೆಯ ಯಾವ ಸಾಮಾನೂ ತನ್ನ ಜಾಗದಲ್ಲಿ ಇರುತ್ತಿರಲಿಲ್ಲ. ಮುರಿದ ಮಂಚದ ಕಾಲು, ಗೆದ್ದಲು ಹಿಡಿದ ಹಲಗೆಗಳನ್ನು ಹುಡುಗರು ಕಾಮಣ್ಣನನ್ನು ಸುಡಲು ಮೊದಲೇ ಹೊತ್ತೊಯ್ದಿರುತ್ತಿದ್ದರು. ಉಳಿದದ್ದೆಲ್ಲ ನಾಗೊಂದಿಗೆಯಿಂದ ಇಳಿದು ಅಂಗಳ ಸೇರುತ್ತಿತ್ತು. ಜಂತಿಯ ಜೇಡ ಹೊಡೆದು, ಗೋಡೆಗೆ ಸುಣ್ಣ ಬಳಿದು, ಪಡಸಾಲೆ ಸಾರಿಸಿದ ಮೇಲೆ ಅವ್ವ ಒಂದೊಂದನ್ನೇ ಒಳಗೆ ಬಿಡುತ್ತಿದ್ದಳು. ಬಿಡುವ ಮುಂಚೆ ಕೇಳುತ್ತಿದ್ದಳು: “ಇದರ ಕೆಲಸ ಏನೈತಿ?”

ತೂತು ಬಿದ್ದ ತಾಮ್ರದ ಕೊಡ ಸಂತೆಗೆ ಹೋಗುತ್ತಿತ್ತು. ಒಡೆದ ಗಡಿಗೆಯ ತಳ ಕೋಳಿಗೆ ನೀರಿಡಲು, ಹರಿದ ಗೋಣಿಚೀಲ ಕಾಲೊರಸಲು. ಹಳೆ ಬಟ್ಟೆ ಮಾತ್ರ ಮನೆ ಬಿಟ್ಟು ಹೋಗುತ್ತಿರಲಿಲ್ಲ. ಅದು ಕೌದಿಯ ಪಾಲು.

ಯುಗಾದಿ ಮುಗಿದರೆ ಹೊಲದಲ್ಲಿ ಕೆಲಸ ಕಡಿಮೆ. ಸೆಕೆಗೆ ನಾವೆಲ್ಲ ಮಾಳಿಗೆಯ ಮೇಲೆ ಮಲಗುತ್ತಿದ್ದೆವು. ಹಾಗಾಗಿ ಖಾಲಿಯಾದ ಪಡಸಾಲೆ ರೋಹಿಣಿ ಮಳೆ ಬೀಳುವವರೆಗೆ ಕೌದಿಯದೇ. ಹದಿನಾರು ಮೊಳದ ಇಳಕಲ್ ಸೀರೆಯನ್ನು ಹರಿದು ಹಾಸಿ, ನಡುವೆ ಅಪ್ಪನ ಧೋತರದ ಪದರ ಕೊಟ್ಟು, ಮೇಲೆ ಗುಳೇದಗುಡ್ಡದ ಖಣದ ತುಂಡು, ಸೀರೆಯ ದಡಿ ಇಟ್ಟು, ಅಂಚಿನಿಂದ ಒಳಗೆ ಸಾಲು ಸಾಲಾಗಿ ಹೊಲಿಗೆ. ಎದುರು ಬದಿಗೆ ದೊಡ್ಡವ್ವ. “ಇಲ್ಲಿ ಕರೀದು ಭಾಳ ಆತು, ಆ ಕೆಂಪು ಕೊಡ” ಎಂದು ಅವ್ವ ಕೈ ಚಾಚುತ್ತಿದ್ದಳು. ಹೊಲಿದ ಸಾಲು ಕಣ್ಣಿಗೆ ಹಿಡಿಸದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಬೆಚ್ಚಗಿರಲಿಕ್ಕಷ್ಟೇ ಆಗಿದ್ದರೆ ಬಿಚ್ಚುವ ಅಗತ್ಯವಿರಲಿಲ್ಲ. ಅದನ್ನು ಕಲೆ ಎಂದು ನಮ್ಮ ಮನೆಯಲ್ಲಿ ಯಾರೂ ಕರೆಯಲಿಲ್ಲ.

ಅದು ಸುಖದ ಕಾಲವಾಗಿತ್ತೆಂದು ನಾನು ಬರೆಯಲಾರೆ. ಹೊಸ ಹೊದಿಕೆ ಕೊಳ್ಳಲು ದುಡ್ಡಿಲ್ಲದೆ ಕೌದಿ ಹೊಲಿಯುತ್ತಿದ್ದರು. ಮನೆಯಲ್ಲಿ ಸಾಮಾನು ಕಡಿಮೆ ಇದ್ದದ್ದೂ ಬಡತನದಿಂದಲೇ. ಅವ್ವನ ಬೆರಳ ತುದಿ ಜಡ್ಡುಗಟ್ಟಿತ್ತು. ಐವತ್ತು ತುಂಬುವುದರೊಳಗೆ ಸೊಂಟ ಹಿಡಿದುಕೊಂಡಿತು.

ಈಗ ನನ್ನದು ಹುಬ್ಬಳ್ಳಿಯಲ್ಲಿ ಎರಡು ಕೋಣೆಯ ಮನೆ. ಕಳೆದ ಯುಗಾದಿಗೆ ಮುಂಚೆ ಕಪಾಟುಗಳನ್ನೂ ದಿವಾನದ ಹೊಟ್ಟೆಯನ್ನೂ ಖಾಲಿ ಮಾಡಲು ಕುಳಿತೆ. ಕೆಟ್ಟ ಮಿಕ್ಸರ್, ಯಾವ ಫೋನಿನದೆಂದು ತಿಳಿಯದ ಚಾರ್ಜರುಗಳು, ಮದುವೆಗಳಲ್ಲಿ ಕೊಟ್ಟ ಸ್ಟೀಲ್ ಡಬ್ಬಿ, ಮೂವತ್ತಕ್ಕೂ ಹೆಚ್ಚು ಪಾಲಿಯೆಸ್ಟರ್ ಸೀರೆ. ಅವ್ವನ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತ ಹೋದೆ. ಹೆಚ್ಚಿನವುಗಳ ಬಗ್ಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹತ್ತಿ ಒಗೆದಷ್ಟೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ. ಅದಕ್ಕೇ ಹತ್ತಿ ಸೀರೆಗೆ ಕೌದಿಯಾಗಿ ಇನ್ನೊಂದು ಆಯುಷ್ಯವಿತ್ತು. ಪಾಲಿಯೆಸ್ಟರ್ ಸೂಜಿಯ ಕೆಳಗೆ ಜಾರುತ್ತದೆ, ಬೆವರು ಹೀರುವುದಿಲ್ಲ. ಹರಿಯುವುದೂ ಇಲ್ಲ, ಬೇರೇನೂ ಆಗುವುದಿಲ್ಲ. ಅವ್ವನಿಗೆ ಮನೆ ಖಾಲಿ ಮಾಡುವುದು ಸುಲಭವಾಗಿತ್ತು, ಏಕೆಂದರೆ ಪ್ರತಿ ವಸ್ತುವಿಗೂ ಮುಂದೆ ಹೋಗಲು ಒಂದು ಜಾಗವಿತ್ತು. ನಾನು ಕೂಡಿಟ್ಟದ್ದರಲ್ಲಿ ಆಸೆಯಿಂದ ಇಟ್ಟದ್ದು ಸ್ವಲ್ಪ, ಎಲ್ಲಿಗೆ ಕಳಿಸಬೇಕೆಂದು ತಿಳಿಯದೆ ಉಳಿದದ್ದೇ ಬಹಳ. ಉಡಲು ಬರುವುದನ್ನು ಕೊಟ್ಟೆ, ಲೋಹ ಗುಜರಿಗೆ ಹಾಕಿದೆ. ನಾಲ್ಕು ಚೀಲ ಕಸದ ಗಾಡಿಗೇ ಹೋಯಿತು. ಆ ನಾಲ್ಕು ಚೀಲದ ಚಿಂತೆ ಇನ್ನೂ ಹೋಗಿಲ್ಲ.

ಉಳಿದದ್ದು ಒಂಬತ್ತು ಹತ್ತಿ ಸೀರೆ. ಅದರಲ್ಲಿ ಎರಡು ಅವ್ವನವು. ದಿವಾನವನ್ನೂ ಕೊಟ್ಟುಬಿಟ್ಟೆ. ಅದಿದ್ದ ಜಾಗದಲ್ಲಿ ಸೀರೆ ಹಾಸಿ, ಮೂವತ್ತು ವರ್ಷಗಳ ನಂತರ ಸೂಜಿ ಪೋಣಿಸಿದೆ.

ಇಷ್ಟು ದಿನ ಇಂಥ ಕೆಲಸಕ್ಕೆ ನನಗೆ ವೇಳೆಯಿಲ್ಲ ಅಂದುಕೊಂಡಿದ್ದೆ. ದಿನಕ್ಕೆ ಅರ್ಧ ಗಂಟೆ ಮೊದಲೂ ಇತ್ತು. ಅರ್ಧಕ್ಕೆ ನಿಂತ ಕೆಲಸವನ್ನು ಹಾಗೇ ಬಿಟ್ಟು ಏಳುವಂಥ ನೆಲ ಇರಲಿಲ್ಲ. ದಿನವೂ ಹಾಸಿ, ದಿನವೂ ಮಡಚಿಡಬೇಕಾದ ಕೆಲಸ ಮೂರನೆಯ ದಿನಕ್ಕೆ ನಿಂತುಬಿಡುತ್ತದೆ. ಅವ್ವನ ಕೌದಿ ಎರಡು ತಿಂಗಳು ಹಾಸಿದಲ್ಲೇ ಇರುತ್ತಿತ್ತು. ಒಲೆಗೂ ಹಿತ್ತಲಿಗೂ ಓಡಾಡುವಾಗ ಆಕೆ ಅದನ್ನು ನೋಡುತ್ತಲೇ ಇರುತ್ತಿದ್ದಳು. ಬಣ್ಣ ಎಲ್ಲಿ ಹೆಚ್ಚಾಯಿತೆಂದು ಆಕೆಗೆ ತಿಳಿಯುತ್ತಿದ್ದದ್ದು ಹಾಗೆ.

ರೋಹಿಣಿ ಮಳೆ ಬಂದಾಗ ನನ್ನದು ಮುಕ್ಕಾಲು ಮುಗಿದಿತ್ತು. ಒಂದು ಮೂಲೆಯಲ್ಲಿ ಕರೀದು ಹೆಚ್ಚಾಗಿದೆ, ಬಿಚ್ಚಬೇಕು. ಕೌದಿ ಹಾಸಿದಲ್ಲೇ ಇದೆ.